ಮಾವನವರ ತಿಥಿಗೆ ನಲವತ್ತೆರಡು ಒಪ್ಪಿಗೆ

ಸೋಮವಾರ ಬೆಳಿಗ್ಗೆ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಈ ಕೆಲಸಕ್ಕೆ ಕೂತರೆ ಬಾಗಿಲಿಗೆ ಯಾರೇ ಬಂದರೂ ನಾನು ಸುಲಭಕ್ಕೆ ಏಳುವವಳಲ್ಲ. ಕೈಯೆಲ್ಲ ಲೋಳೆ, ಬೋಗುಣಿಯ ಸುತ್ತ ಸಿಪ್ಪೆ, ಬಾಯಲ್ಲಿ ಯಾವುದೋ ಒಂದು ದೇವರನಾಮ. ಇಷ್ಟಿದ್ದರೆ ಅದೇ ನನಗೆ ವೈಕುಂಠ. ಆದರೆ ಫೋನು ನಿಲ್ಲದೆ ಬಡಿದುಕೊಳ್ಳುತ್ತಿತ್ತು. ಸೆರಗಿನಲ್ಲಿ ಕೈ ಒರೆಸಿಕೊಂಡು ಎತ್ತಿದರೆ ಆ ಕಡೆ ನಮ್ಮವರು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಆಫೀಸಿನಿಂದ ಅವರು ಫೋನು ಮಾಡಿದ್ದನ್ನು ಬೆರಳಲ್ಲಿ ಎಣಿಸಬಹುದು. ಸ್ವರ ಬಾವಿಯ ಒಳಗಿಂದ ಬಂದಂತಿತ್ತು.

"ಅಪ್ಪನ ತಿಥಿಗೆ ನಲವತ್ತೆರಡು ಜನ ಒಪ್ಕೊಂಡ್ಬಿಟ್ಟಿದಾರೆ ಕಣೇ."

"ಏನಕ್ಕೆ ಒಪ್ಕೊಂಡಿದಾರೆ?"

"ಊಟಕ್ಕೆ."

ಆಫೀಸಿನವರನ್ನು ಮದುವೆ, ಮುಂಜಿ, ಗೃಹಪ್ರವೇಶಕ್ಕೆ ಕರೆಯುವುದುಂಟು. ತಿಥಿಗೆ ಕರೆದವರನ್ನು ನಮ್ಮ ಹನುಮಂತನಗರದಲ್ಲಿ ನಾನಂತೂ ಕಂಡಿಲ್ಲ. ತಿಥಿ ಇದ್ದದ್ದು ಗುರುವಾರ.

ಇದಕ್ಕೆಲ್ಲ ಮೂಲ ಒಂದು ಕ್ಯಾಲೆಂಡರು. ಗೋಡೆಗೆ ನೇತು ಹಾಕುವಂಥದ್ದಲ್ಲ, ಕಂಪ್ಯೂಟರಿನೊಳಗಿನದು. ಪಂಪು ತಯಾರಿಸುವ ನಮ್ಮವರ ಕಂಪನಿಯಲ್ಲಿ ಅಲ್ಲಿಯವರೆಗೆ ಏನೇ ವಿಷಯವಿದ್ದರೂ ಸರ್ಕ್ಯುಲರ್ ಪುಸ್ತಕದಲ್ಲಿ ಬರೆಯುತ್ತಿದ್ದರು. ಜವಾನ ಅದನ್ನು ಮೇಜಿನಿಂದ ಮೇಜಿಗೆ ಒಯ್ಯುವನು. ಓದಿದವರೂ ಓದದವರೂ ಕೆಳಗೆ ಸಹಿ ಹಾಕುವರು. ಯಾರಾದರೂ ರಜೆ ಹೋದರೂ ಅದರಲ್ಲೇ ಬರಹ, ಅದರಲ್ಲೇ ಸಹಿ. ಆ ವರ್ಷ ದೆಹಲಿ ಕಡೆಯ ಹೊಸ ಮ್ಯಾನೇಜರು ಬಂದವರೇ ಪುಸ್ತಕವನ್ನು ಬೀರುವಿಗೆ ಸೇರಿಸಿ, ಇನ್ನು ಎಲ್ಲ ಇಮೇಲು, ಎಲ್ಲ ಕ್ಯಾಲೆಂಡರು ಎಂದರು. ನಮ್ಮವರು ಎರಡು ದಿನದ ತರಬೇತಿ ಮುಗಿಸಿ, ಪಿನ್ನು ಹೊಡೆದ ಹದಿನಾರು ಹಾಳೆ ಹಿಡಿದುಕೊಂಡು, ಜ್ವರ ಬಂದವರ ಹಾಗೆ ಮನೆಗೆ ಬಂದರು.

ಸಂಜೆಯ ದೀಪ ಹಚ್ಚಿದ ಮೇಲೆ ಊಟದ ಮೇಜಿನಲ್ಲಿ ನಮ್ಮ ಅಭ್ಯಾಸ ನಡೆಯುತ್ತಿತ್ತು. ಸೋಪಿನ ಡಬ್ಬಿಯೇ ಮೌಸು. ನಾನು ಹಾಳೆ ನೋಡಿ ಓದಿ ಹೇಳುವುದು, ಅವರು ಡಬ್ಬಿಯನ್ನು ಜರುಗಿಸಿ ಟಕ್ ಟಕ್ ಎಂದು ಒತ್ತುವುದು. ಕಂಪ್ಯೂಟರನ್ನು ಹತ್ತಿರದಿಂದ ಕಾಣದ ನನಗೆ ನಾಲ್ಕೇ ದಿನದಲ್ಲಿ ಎಲ್ಲ ಬಾಯಿಗೆ ಬಂತು. ಅವರಿಗೆ ಡಬ್ಬಿ ಮಾತ್ರ ಪಳಗಿತು. ಆ ಹಾಳೆಗಳನ್ನು ಓದುತ್ತಾ ಓದುತ್ತಾ ನನಗೆ ಮೈ ಜುಮ್ಮೆನ್ನುತ್ತಿತ್ತು. ಯಾರು ಯಾವ ಹೊತ್ತಿನಲ್ಲಿ ಬಿಡುವಾಗಿದ್ದಾರೆ ಎನ್ನುವುದು ಅವರನ್ನು ಕೇಳದೆಯೇ ಎಲ್ಲರಿಗೂ ಕಾಣುತ್ತದಂತೆ. ಕೆಲಸವಿದ್ದವರ ಹೊತ್ತು ನೀಲಿ, ಇಲ್ಲದವರದು ಬಿಳಿ. ಬಿಳಿ ಕಂಡಲ್ಲಿ ಮೀಟಿಂಗು. ಇಷ್ಟು ದಿನ ಇದೆಲ್ಲ ಭಗವಂತನೊಬ್ಬನಿಗೆ ಕಾಣುವ ಸಂಗತಿ ಎಂದುಕೊಂಡಿದ್ದೆ.

ನನಗೆ ತಿಥಿಯ ಯೋಚನೆ ಬಂದದ್ದು ಆಗಲೇ. ಹಿಂದಿನ ಎರಡು ವರ್ಷವೂ ಮಾವನವರ ತಿಥಿಯ ದಿನವೇ ಮೀಟಿಂಗು ಬಿದ್ದಿತ್ತು. ಮೊದಲ ವರ್ಷ ಇವರು ಮನೆ ಮುಟ್ಟಿದಾಗ ಮೂರು ಗಂಟೆ. ಪುರೋಹಿತರು ಕಾದು ಕಾದು ಇನ್ನೊಂದು ಮನೆಗೆ ಹೋಗಿದ್ದರು. ಮರು ವರ್ಷ ಮಠಕ್ಕೆ ಅಕ್ಕಿ ಬೇಳೆ ಕೊಟ್ಟು ಕೈ ಮುಗಿದು ಬಂದೆವು. ಆ ರಾತ್ರಿ ಇವರು ಊಟ ಮಾಡಲಿಲ್ಲ. ಒಬ್ಬನೇ ಮಗ. ಮೂರನೆಯ ವರ್ಷವೂ ತಪ್ಪಬಾರದೆಂದು ನಾನು ಹೊತ್ತ ಹರಕೆಗಳನ್ನು ಇಲ್ಲಿ ಬರೆಯುವುದಿಲ್ಲ. ಹರಕೆಯ ಜೊತೆಗೆ ಪಂಚಾಂಗ ನೋಡಿ ಒಂದು ಚೀಟಿಯನ್ನೂ ಬರೆದೆ: ಮಾರ್ಗಶಿರ ಬಹುಳ ಪಂಚಮಿ, ಗುರುವಾರ, ಹನ್ನೊಂದರಿಂದ ಮೂರು. ಈ ಹೊತ್ತನ್ನು ಮೊದಲೇ ನೀಲಿ ಮಾಡಿಬಿಡಿ ಎಂದು ಜೇಬಿಗೆ ತುರುಕಿದೆ.

ನಮ್ಮವರು ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವರಲ್ಲ. ವಿಷಯ: ತಂದೆಯವರ ವಾರ್ಷಿಕ ಕಾರ್ಯ. ಸ್ಥಳ: ಮನೆಯ ವಿಳಾಸ, ಬಸ್ ಸ್ಟಾಪಿನ ಗುರುತು ಸಮೇತ. ವಿವರ: ಊಟ ಮನೆಯಲ್ಲೇ. ಇಷ್ಟನ್ನೂ ಇಂಗ್ಲಿಷಿನಲ್ಲಿ ತುಂಬಿಸಿದ ಮೇಲೆ, ಯಾರ್‍ಯಾರಿಗೆ ಎಂದು ಕಂಪ್ಯೂಟರು ಕೇಳಿತಂತೆ. ರಜೆಯ ವಿಷಯ ಎಲ್ಲರಿಗೂ ತಿಳಿದಿರಬೇಕಲ್ಲ, ಪುಸ್ತಕದ ಕಾಲದಿಂದ ಅದೇ ಪದ್ಧತಿ. ಇಡೀ ಆಫೀಸನ್ನು ಆರಿಸಿ ಒತ್ತಿಬಿಟ್ಟರು. ಅರ್ಧ ಗಂಟೆಯೊಳಗೆ ಒಬ್ಬೊಬ್ಬರದಾಗಿ ನಲವತ್ತೆರಡು ಒಪ್ಪಿಗೆಗಳು ಬಂದು ಬಿದ್ದವು. ಅದರಲ್ಲಿ ಒಂದು ಮ್ಯಾನೇಜರದು.

ನನಗೆ ಇದನ್ನೆಲ್ಲ ಬಿಡಿಸಿ ಹೇಳಿದವಳು ಶೈಲಜಾ. ನಮ್ಮವರ ಪಕ್ಕದ ಮೇಜಿನವಳು, ಧಾರವಾಡದ ಕಡೆಯವಳು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದಳು. ನಮ್ಮವರು ತೊದಲುವುದನ್ನು ಕೇಳಲಾರದೆ ಫೋನನ್ನು ಅವರ ಕೈಯಿಂದ ತೆಗೆದುಕೊಂಡಳು.

"ಅಕ್ಕಾರ, ಒಂದ್ ಗುಂಡಿ ಒತ್ತಿದ್ರ ಎಲ್ಲಾ ರದ್ದ ಆಗ್ತೈತ್ರಿ. ಆದ್ರ ಗುರುವಾರ ಮುಂಬೈಯವರ ಜೋಡಿ ದೊಡ್ಡ ಮೀಟಿಂಗ್ ಇಡೋವ್ರಿದ್ರು. ಎಲ್ಲಾರೂ ನಿಮ್ಮ ಮನ್ಯಾಗ ಊಟಕ್ಕ ಇರ್ತಾರಂತ ತೋರಿಸ್ತಲ್ಲ, ಕಂಪ್ಯೂಟರ್ ತಾನಾ ಶುಕ್ರವಾರದ ಜಾಗಾ ಹುಡುಕಿ ಕೊಟ್ಟೈತಿ. ರದ್ದ ಮಾಡಿದ್ರ ಮೀಟಿಂಗ್ ಮತ್ತ ಗುರುವಾರಕ್ಕ ಬಂದ್ ಕುಂದರ್ತೈತಿ ನೋಡ್ರಿ."

ನನ್ನ ಕಣ್ಣು ತುಂಬಿ ಬಂತು. ಎರಡು ವರ್ಷ ಇವರು ತಲೆ ತಗ್ಗಿಸಿ ಕೇಳಿಕೊಂಡರೂ ಜರುಗದ ಮೀಟಿಂಗು ಯಾರೂ ಕೇಳದೆ ಒಂದು ದಿನ ಮುಂದಕ್ಕೆ ಹೋಗಿ ಕೂತಿದೆ! ಯಾವ ದೇವರು ಯಾವ ರೂಪದಲ್ಲಿ ಬರುತ್ತಾನೋ ನಾವು ಕಂಡವರಲ್ಲ. ನಾನು ಮಾವನವರ ಪಟದ ಕಡೆ ನೋಡಿದೆ. ಆಮೇಲೆ ಅಡುಗೆಮನೆಯ ಕಡೆ ನೋಡಿದೆ. ನಲವತ್ತೆರಡು ಎಲೆ, ಎಲೆಗೆ ಎರಡರಂತೆ ವಡೆ, ಎಲ್ಲವೂ ಮಡಿಯಲ್ಲಿ. ಶೈಲಜಾಳಿಗೆ ಹೇಳಿ ಫೋನನ್ನು ಇವರ ಕೈಗೆ ಕೊಡಿಸಿ, "ರೀ, ಆ ಗುಂಡಿ ಮುಟ್ಟಬೇಡಿ. ಬಂದೋರಿಗೆ ಬಡಿಸ್ತೀನಿ" ಎಂದೆ.

ಗುರುವಾರ ಪುರೋಹಿತರು ಹತ್ತೂವರೆಗೇ ಬಂದರು. ಜೊತೆಗೆ ಅಡುಗೆಯವರೊಬ್ಬರನ್ನು ಗೊತ್ತು ಮಾಡಿದ್ದೆ. ಇವರು ಒದ್ದೆ ಪಂಚೆಯಲ್ಲಿ ಕೂತು, ಒಂದು ಮಂತ್ರವನ್ನೂ ಬಿಡದೆ, ಅವಸರವಿಲ್ಲದೆ ಕಾರ್ಯ ಮುಗಿಸಿದರು. ಪಿಂಡ ಇಟ್ಟು ಬಂದಾಗ ಅವರ ಮುಖ ನೋಡಿದೆ; ನನಗೆ ಅಷ್ಟೇ ಸಾಕಿತ್ತು. ಬ್ರಾಹ್ಮಣರ ಊಟವಾಯಿತು. ನಾನು ನಲವತ್ತೆರಡು ಜನಕ್ಕೆ ಎಲೆ ಒರೆಸಿಟ್ಟುಕೊಂಡು ಬಾಗಿಲು ಕಾಯುತ್ತಾ ನಿಂತೆ.

ಬಂದವರು ಇಬ್ಬರು. ಶೈಲಜಾ, ಮತ್ತು ಕೈಯಲ್ಲಿ ದೊಡ್ಡ ಹೂಗುಚ್ಛ ಹಿಡಿದ ಮ್ಯಾನೇಜರು. ಉಳಿದ ನಲವತ್ತು ಜನ, ಪುಸ್ತಕಕ್ಕೆ ಸಹಿ ಹಾಕುವ ಹಾಗೆ, ಓದದೆ ಒತ್ತಿದ್ದರಂತೆ. ಮ್ಯಾನೇಜರು ಓದಿಯೇ ಒತ್ತಿದ್ದರು. ವಾರ್ಷಿಕ ಕಾರ್ಯವೆಂದರೆ ಹುಟ್ಟುಹಬ್ಬವೆಂದು ತಿಳಿದಿದ್ದರು. ಪಿತಾಜಿ ಎಲ್ಲಿದ್ದಾರೆ, ಆಶೀರ್ವಾದ ಪಡೆಯಬೇಕು ಎಂದು ಹಿಂದಿಯಲ್ಲಿ ಕೇಳಿದರು. ಇವರು ಗೋಡೆಯ ಪಟ ತೋರಿಸಿದರು. ಆ ಮನುಷ್ಯ ಹೊರಗೆ ಹೋಗಿ ಬೂಟು ಕಳಚಿಟ್ಟು ಬಂದು, ಹೂವನ್ನು ಪಟದ ಕೆಳಗಿಟ್ಟು ನಮಸ್ಕಾರ ಮಾಡಿದರು. ತಮ್ಮ ತಂದೆಗೆ ತಾವು ಇದನ್ನು ಮಾಡಿ ಆರು ವರ್ಷವಾಯಿತು ಎಂದರು. ಕೂತು ಉಂಡರು. ವಡೆಯನ್ನು ಮೂರು ಸಲ ಹಾಕಿಸಿಕೊಂಡರು.

ಹೊರಡುವಾಗ ಮುಂದಿನ ವರ್ಷ ಇದೇ ತಾರೀಕೇ ಎಂದು ಕೇಳಿದರು. ನನ್ನ ಹಿಂದಿ ಭಾನುವಾರದ ಟೀವಿಯಲ್ಲಿ ಕಲಿತದ್ದು. ಅದರಲ್ಲೇ, ಇಲ್ಲ, ತಾರೀಕು ವರ್ಷ ವರ್ಷ ಬದಲಾಗುತ್ತದೆ ಎಂದೆ. ಹಾಗಾದರೆ ನಿಮಗೆ ಯಾರು ತಿಳಿಸುತ್ತಾರೆ ಎಂದರು. ನಾನು ಮೇಲೆ ಕೈ ತೋರಿಸಿ, ಚಂದ್ರ ಎಂದೆ. ಸೋಪಿನ ಡಬ್ಬಿಯ ಮುಂದೆ ನಾನು ಬಾಯಿ ಬಿಟ್ಟು ಕೂರುತ್ತಿದ್ದೆನಲ್ಲ, ಅವರು ಹಾಗೆ ನನ್ನನ್ನು ನೋಡಿದರು. ನನಗೆ ಎಲ್ಲಿಲ್ಲದ ಹುರುಪು ಬಂದುಬಿಟ್ಟಿತು. ವರ್ಷಕ್ಕೆ ಹನ್ನೊಂದು ದಿನ ಹಿಂದೆ ಬರುತ್ತದೆ ಎಂದು ಬೆರಳು ಮಡಿಸಿ ಎಣಿಸಿ, ನಿಂತ ನಿಲುವಿನಲ್ಲೇ ಮುಂದಿನ ವರ್ಷದ ತಾರೀಕು ಹೇಳಿಬಿಟ್ಟೆ. ಅವರು ಡೈರಿಯಲ್ಲಿ ಬರೆದುಕೊಂಡರು.

ಮಾರನೆಯ ದಿನ ಸಂಜೆ ಇವರು ನಗುತ್ತಾ ಬಂದರು. ಆ ತಾರೀಕನ್ನು ಮ್ಯಾನೇಜರು ತಾವೇ ಕ್ಯಾಲೆಂಡರಿಗೆ ಹಾಕಿ, ಅವತ್ತು ಯಾರೂ ಮೀಟಿಂಗು ಇಡಕೂಡದೆಂದು ಎಲ್ಲರಿಗೂ ಕಳಿಸಿದರಂತೆ. ಆಗಲೇ ನಲವತ್ತೆರಡೂ ಒಪ್ಪಿಗೆ ಬಂದಿವೆಯಂತೆ. ಇವರು ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ಅಷ್ಟು ಹೊತ್ತಿಗೆ ನನಗೆ ನೆನಪಾಯಿತು: ಮುಂದಿನ ವರ್ಷ ಅಧಿಕ ಮಾಸ. ಮೂರು ವರ್ಷಕ್ಕೊಮ್ಮೆ ಬರುವ ಆ ಒಂದು ತಿಂಗಳು ಸೇರಿದರೆ ಮಾವನವರ ತಿಥಿ ನಾನು ಹೇಳಿದ ತಾರೀಕಿಗಲ್ಲ, ಅದಕ್ಕೂ ಒಂದು ತಿಂಗಳು ಆಚೆಗೆ. ಬಚ್ಚಲಿನಿಂದ ಇವರು, "ಎಷ್ಟಾದ್ರೂ ನಿನ್ನ ಲೆಕ್ಕ ತಪ್ಪಲ್ಲ ಕಣೇ" ಎಂದರು. ನಾನು ಹೂಂ ಎಂದು, ನಾಳೆಯ ದೋಸೆಗೆ ಅಕ್ಕಿ ನೆನೆಸಲು ಒಳಗೆ ಹೋದೆ.