ಹಳೇ ಸುಂಕದ ಕಡತಗಳ ಬೆನ್ನು ಹತ್ತಿ

"ಹಳೇ ಕಾಗದ ಹುಡುಕುವವರಿಗೆ ನಗುವ ಪ್ರಸಂಗ ಎಲ್ಲಿಂದ ಬರಬೇಕು?" ಎಂದು ಈಗಲೂ ಜನ ಕೇಳುತ್ತಾರೆ. ಐವತ್ತರ ದಶಕದಲ್ಲಿ ನಾನು ಧಾರವಾಡದಿಂದ ಮುಂಬಯಿಗೆ ಬಂದು, ಸಾಂತಾಕ್ರೂಜ್‌ನ ಅಕ್ಕನ ಮನೆಯಲ್ಲಿದ್ದುಕೊಂಡು, ಬ್ರಿಟಿಷರ ಕಾಲದ ಕಂದಾಯ, ವ್ಯಾಪಾರದ ಬಗ್ಗೆ ಪ್ರಬಂಧ ಬರೆಯುತ್ತಿದ್ದೆ. ವಾರಕ್ಕೊಂದಾದರೂ ಪ್ರಸಂಗ ತಪ್ಪುತ್ತಿರಲಿಲ್ಲ. ಆ ಧೂಳಿನ ವಾಸನೆ, ಆ ಮಂದಿ, ಈಗ ಎಲ್ಲಿ ಹುಡುಕಲಿ?

ಎಷ್ಟು ಎಕರೆ?

ಮೊದಲ ದಿನ ಸರಕಾರಿ ದಫ್ತರಖಾನೆಗೆ ಹೋಗಿ ಹಳೆಯ ಕಂದಾಯದ ಕಡತ ಕೇಳಿದೆ. ಅಲ್ಲಿನ ಮುದಿ ಗುಮಾಸ್ತರು ಮರಾಠಿಯವರು. ಕನ್ನಡಕದ ಮೇಲಿಂದ ನೋಡಿ, "ಎಷ್ಟು ಎಕರೆ?" ಎಂದರು.

"ಜಮೀನಿಲ್ಲ ಸಾಹೇಬರೆ, ಓದುವುದಕ್ಕೆ."

"ಎಲ್ಲರೂ ಮೊದಲು ಹಾಗೇ ಹೇಳೋದು," ಎನ್ನುತ್ತಲೇ ಕಡತ ತಂದುಕೊಟ್ಟರು. ಎರಡು ತಿಂಗಳು ನಾನು ದಿನವೂ ಕೂತು ಬರೆದುಕೊಳ್ಳುವುದನ್ನು ನೋಡಿ ಅವರ ಮನಸ್ಸು ಕರಗಿತು. ಒಂದು ದಿನ ಚಹಾ ತರಿಸಿ, ಕಿವಿಯಲ್ಲಿ ಹೇಳಿದರು: "ಕೋರ್ಟು ಗೀರ್ಟು ಬೇಡಪ್ಪ. ಅಣ್ಣತಮ್ಮಂದಿರ ಹತ್ತಿರ ರಾಜಿ ಮಾಡಿಕೊ."

ಲೋಕಲ್‌ನಲ್ಲಿ ಅಫೀಮು

ಆಗ ಮುಂಬಯಿಯಲ್ಲಿ ಪಾನನಿಷೇಧ; ಅಫೀಮಿನ ಮೇಲೂ ಪೋಲೀಸರ ಕಣ್ಣು. ಒಂದು ಸಂಜೆ ಲೋಕಲ್ ರೈಲಿನಲ್ಲಿ ಕೂತು, ಅಂದು ನಕಲು ಮಾಡಿದ್ದನ್ನು ತಿದ್ದುತ್ತಿದ್ದೆ: ಚೀನಾಕ್ಕೆ ಹೋದ ಅಫೀಮು, ಪೆಟ್ಟಿಗೆ ಇಷ್ಟು, ಹಡಗು ಇಂಥದ್ದು. ಪಕ್ಕದಲ್ಲಿದ್ದ ಬಿಳಿ ಟೊಪ್ಪಿಗೆಯ ಗೃಹಸ್ಥರು ನನ್ನ ನೋಟ್‌ಬುಕ್ಕಿನೊಳಗೇ ಇಣುಕುತ್ತಿದ್ದರು. ಬಾಂದ್ರಾ ಬರುವಷ್ಟರಲ್ಲಿ ಅವರ ಮುಖ ಬಿಗಿದುಕೊಂಡಿತ್ತು. ಪೋಲೀಸರನ್ನು ಕರೆಯುತ್ತಾರೆಂದು ನೋಟ್‌ಬುಕ್ಕು ಮುಚ್ಚಿ ಚೀಲಕ್ಕೆ ತುರುಕಿದೆ. ಸಾಂತಾಕ್ರೂಜ್‌ನಲ್ಲಿ ಇಳಿದರೆ ಅವರೂ ಹಿಂದೆಯೇ ಇಳಿದು ಭುಜ ಮುಟ್ಟಿದರು.

"ಭಾಯಿ, ಚಿಲ್ಲರೆಯಾಗಿ ಕೊಡ್ತೀರಾ, ಪೆಟ್ಟಿಗೇನೇ ತಗೋಬೇಕಾ?"

ಏರಿದ ಹತ್ತಿ

ಬ್ರಿಟಿಷರ ಕಾಲದ ಒಂದು ವರ್ಷದ ಸುಂಕದ ವರದಿಯಲ್ಲಿ ಹತ್ತಿಯ ರಫ್ತು ಇದ್ದಕ್ಕಿದ್ದಂತೆ ಹತ್ತು ಪಟ್ಟು ಏರಿ, ಮರುವರ್ಷ ಮೊದಲಿನಂತೆ ಇಳಿದಿತ್ತು. ಮಳೆ, ಜಪಾನಿನ ಗಿರಣಿ, ಲಂಡನ್ನಿನ ಬೆಲೆ ಎಲ್ಲ ಸೇರಿಸಿ ಇದಕ್ಕೆ ಕಾರಣ ಕಟ್ಟಿ ಒಂದು ಇಡೀ ಅಧ್ಯಾಯ ಬರೆದೆ. ನನ್ನ ಪ್ರಬಂಧ ನೋಡುತ್ತಿದ್ದ ಪ್ರೊಫೆಸರರಿಗೆ ಅದೇ ಬಲು ಹಿಡಿಸಿತು. "ಅಂಕಿ ಒಂದು ಸಲ ಖಾತ್ರಿ ಮಾಡಿಕೊಂಡುಬಿಡು," ಎಂದರಷ್ಟೆ. ಆ ವರದಿಗೆ ಲೆಕ್ಕ ಬರೆದಿದ್ದ ಬೆಳಗಾವಿಯ ರಾಯರೊಬ್ಬರು ನಿವೃತ್ತರಾಗಿ ಬೊರಿವಲಿಯಲ್ಲಿದ್ದಾರೆಂದು ತಿಳಿದು, ಹುಡುಕಿಕೊಂಡು ಹೋದೆ.

ರಾಯರಿಗೆ ಕಣ್ಣು ಮಂದ. ನಾನೇ ಆ ಸಾಲು ಓದಿ ಹೇಳಿದೆ.

"ಅದನ್ನ ಯಾರೂ ಓದಂಗಿಲ್ಲ ಅಂತ ತಿಳಿದಿದ್ದೆ," ಎಂದರು. "ಅದು ನಮ್ಮ ಲಗ್ನದ ವಾರ ನೋಡ್ರಿ. ಗಡಿಬಿಡಿಯೊಳಗ ಒಂದು ಸೊನ್ನಿ ಹೆಚ್ಚಿಗಿ ಬಿತ್ತು. ಅಚ್ಚಾದ ಮ್ಯಾಲೆ ಗೊತ್ತಾತು. ನೌಕರಿ ಹೋದೀತಂತ ಬಾಯಿ ಬಿಡಲಿಲ್ಲ."

ಮೂರು ತಿಂಗಳ ನನ್ನ ಅಧ್ಯಾಯ ಕಣ್ಣೆದುರೇ ಹಾರಿಹೋಯಿತು. ಅಳಬೇಕೋ ನಗಬೇಕೋ ತಿಳಿಯದೆ ಕೂತಿದ್ದಾಗ, ಒಳಗಿನಿಂದ ರಾಯರ ಹೆಂಡತಿ ಅವಲಕ್ಕಿಯ ತಟ್ಟೆ ಹಿಡಿದು ಬಂದು ಗಂಡನ ಎದುರು ನಿಂತರು.

"ನಿನ್ನ ಕಾಲ್ಗುಣದಿಂದ ಏನೂ ಹೆಚ್ಚಾಗಲಿಲ್ಲ ಅಂತ ಇಷ್ಟು ವರ್ಷ ಅಂದ್ರಲ್ಲ, ಇಡೀ ದೇಶದ ಹತ್ತಿ ಹತ್ತು ಪಟ್ಟು ಹೆಚ್ಚಾಗೇದಲ್ಲ!"