ಅಜ್ಜನ ವ್ಯಾನಿನ ನೆಗ್ಗು

ನೆನಪಿನ ಶಕ್ತಿಯ ಬಗ್ಗೆ ಬಡಾಯಿ ಕೊಚ್ಚುವವರು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊಚ್ಚಬಾರದು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ದೆವ್ವ, ಭವಿಷ್ಯ, ಬೀಗರ ಮಾತು ಯಾವುದನ್ನೂ ಪುರಾವೆಯಿಲ್ಲದೆ ನಂಬದ ನಾನು ನನ್ನ ನೆನಪನ್ನು ಮಾತ್ರ ಪುರಾವೆ ಕೇಳದೆ ನಂಬಿದ್ದೆ. ಮೊನ್ನೆ ಲೋಕಾಪುರದಲ್ಲಿ ಚಹಾ ಕುಡಿದು, ಹೆಂಡತಿ ಶಾರದೆಯನ್ನು ಅಂಗಡಿಯಲ್ಲೇ ಬಿಟ್ಟು, ವ್ಯಾನು ಓಡಿಸಿಕೊಂಡು ಮುಧೋಳ ಮುಟ್ಟಿದೆ. ದಾರಿಯುದ್ದಕ್ಕೂ ಅವಳೊಂದಿಗೆ ಮಾತಾಡಿದ್ದೆ. ಅವಳು ನಡುವೆ ಬಾಯಿ ಹಾಕಲಿಲ್ಲವೆಂದು ಸಂತೋಷವೂ ಆಗಿತ್ತು. ಹಿಂದೆಯೇ ಬಂದ ಬಸ್ಸಿನಿಂದ ಇಳಿದವಳು, "ಇನ್ನೊಮ್ಮೆ ಹಿಂಗ ಮರತ್ರ ವ್ಯಾನಿನ ಕೀಲಿ ನನ್ನ ಸೊಂಟದಾಗ ಇರತೈತಿ, ನೋಡ್ರಿ," ಎಂದಳು.

ಆ ಕೀಲಿ ಹೋದರೆ ನನ್ನದೆನ್ನುವುದು ಏನೂ ಉಳಿಯುವುದಿಲ್ಲ. ಅದು ತಲೆಗೆ ಪಟಕಾ ಸುತ್ತುತ್ತಿದ್ದ ನನ್ನ ಅಜ್ಜ ಬನಹಟ್ಟಿಯ ಮಗ್ಗಗಳಿಗೆ ನೂಲು ಸಾಗಿಸುತ್ತಿದ್ದ ವ್ಯಾನು, ಮೈಯೆಲ್ಲ ಅಲ್ಯೂಮಿನಿಯಂ. ನಾನು ಹುಟ್ಟುವ ಮೊದಲೇ ಅಜ್ಜ ತೀರಿಕೊಂಡದ್ದರಿಂದ, ನಮ್ಮ ಕಡೆಯ ಪದ್ಧತಿಯಂತೆ ಅವನ ಹೆಸರು ನನಗೆ ಬಂತು: ಗುರುಪಾದಪ್ಪ. ಹೆಸರಿನ ಹಿಂದೆ ವ್ಯಾನೂ ಬಂತು. ಈಗ ಅದರ ಬದಿಯಲ್ಲೊಂದು ನೆಗ್ಗು, ಒಳಗಿನಿಂದಲ್ಲ, ಹೊರಗಿನಿಂದ ಯಾರೋ ಬಹಳ ಹೊತ್ತು ತಲೆ ಆನಿಸಿ ನಿಂತಂತೆ. ಹೇಗಾಯಿತೋ ನನಗೆ ನೆನಪಿಲ್ಲ. ಶಾರದೆಗೆ ಇದನ್ನು ಹೇಳಿಲ್ಲ.

ಮುಧೋಳದ ಟಿಂಕರ್ ನೆಗ್ಗಿನ ಮೇಲೆ ಕೈಯಾಡಿಸಿ, "ಇದು ಜರ್ಮನ್ ಪಾತ್ರಿ ಜಾತಿದ್ರಿ, ಬೆಂಕಿ ತೋರಿಸಿದ್ರ ಕರಗಿ ಹೊಕ್ಕೈತಿ. ಹ್ವಾದ ಸಲ ಬಂದಾಗೂ ಇದನ್ನ ಹೇಳಿದ್ನೆಲ್ರಿ?" ಎಂದ. ಅಲ್ಯೂಮಿನಿಯಂಗೆ ನಮ್ಮ ಕಡೆ ಜರ್ಮನ್ ಎನ್ನುವುದು ಸರಿ, ಆದರೆ ನಾನು ಆ ಅಂಗಡಿಯನ್ನು ನೋಡಿದ್ದೇ ಅಂದು ಮೊದಲು. ಶಾರದೆ ನನ್ನನ್ನು ನೋಡಿದಳು.

ಬೀಳಗಿಯ ಟಿಂಕರ್ ಗಾಡಿ ಬಿಟ್ಟು ನನ್ನನ್ನೇ ಮೇಲಿಂದ ಕೆಳಗೆ ನೋಡಿದ. "ಪಟಕಾ ಬಿಟ್ರ್ಯಾ ಯಜಮಾನ್ರ? ತೆಲಿ ಬೋಳು ಬೋಳು ಕಾಣಾಕತ್ತೈತಿ."

"ನಾನು ಜನ್ಮದಾಗ ಪಟಕಾ ಸುತ್ತಿಲ್ಲೋ ಮಾರಾಯಾ!"

"ಮದವ್ಯಾಗ ಸುತ್ತಿದ್ರಿ," ಎಂದಳು ಶಾರದೆ. "ಅದೂ ಮರತ್ರ್ಯಾ?"

ಕೊನೆಗೆ ಜಮಖಂಡಿಯಲ್ಲಿ ಪಾತ್ರೆಗಳ ನೆಗ್ಗು ತೆಗೆಯುವ ಹಸೀನಾಬಿ ಒಪ್ಪಿದಳು. ನಲವತ್ತು ದಾಟದ, ನನಗಿಂತ ಎಷ್ಟೋ ಚಿಕ್ಕ ಹೆಂಗಸು. ವ್ಯಾನನ್ನು ದೊಡ್ಡ ಹಂಡೆಯಂತೆ ಬಡಿದು, ಕಿವಿಗೊಟ್ಟು ಕೇಳಿ, "ಹೆಸರು ಯಾರ್ದು ಹಾಕ್ಲಿ?" ಎಂದಳು. ಲಗ್ನಕ್ಕೆ ಎರವಲು ಹೋದ ಪಾತ್ರೆಗಳು ಅದಲುಬದಲಾಗದಿರಲೆಂದು ಚುಕ್ಕಿ ಕುಟ್ಟಿ ಹೆಸರು ಬರೆಯುವುದು ಅವಳ ರೂಢಿ. ವ್ಯಾನನ್ನು ಯಾರು ಎರವಲು ಒಯ್ಯುತ್ತಾರೆ ಎಂದು ನಕ್ಕೆ. ಅವಳು ಒಳಗಿನ ಹಲಗೆ ಬಿಚ್ಚಿದಳು. ಲೋಹದ ಮೇಲೆ ಚುಕ್ಕಿ ಚುಕ್ಕಿಯಾಗಿ ಆಗಲೇ ಇತ್ತು: ಗುರುಪಾದಪ್ಪ.

"ಇದು ನನ್ನ ಕೈನ ಐತ್ರಿ," ಎಂದಳು ಹಸೀನಾಬಿ, ದನಿ ತಗ್ಗಿಸಿ. "ಯಾವಾಗ ಹಾಕಿದ್ನೋ ನೆಪ್ಪಿಲ್ಲ."

ನೆಗ್ಗು ಹೋಯಿತು. ಮನೆ ಮುಟ್ಟಿ ಇಳಿಯುವ ಮೊದಲು ಶಾರದೆ ಕೀಲಿಗೆಂದು ಅಂಗೈ ಚಾಚಿದಳು. "ಖರೆ ಹೇಳ್ರಿ. ಅಲ್ಲೆಲ್ಲಾ ಹೋದಾಂವ ನೀವೋ, ಅಜ್ಜನೋ?"

ಎಂಥ ಪ್ರಶ್ನೆ! ನಾನು ಎಂದರೆ ಕೀಲಿ ಹೋಗುತ್ತದೆ. ಅಜ್ಜ ಎಂದರೆ ಭೌತಶಾಸ್ತ್ರ ಹೋಗುತ್ತದೆ. ಓದಿ ಬಹಳ ವರ್ಷವಾಗಿತ್ತು. "ಅಜ್ಜನ ಹೋದಾಂವ," ಎಂದೆ.

"ಹಂಗಾರ ಅಮಾಸಿಗೆ ಅಜ್ಜಗ ಎಡಿ ಹಿಡೀರಿ," ಎಂದು ಕೈ ಹಿಂದಕ್ಕೆಳೆದಳು.

ಅಮಾವಾಸ್ಯೆಯ ಮಧ್ಯಾಹ್ನ ಹೋಳಿಗೆ, ತುಪ್ಪದ ಎಡೆ ಹಿಡಿದು ಹೋಗಿ ವ್ಯಾನಿನ ಬಾಗಿಲು ತೆರೆದೆ. ಸೀಟಿನ ಮೇಲೆ ಒಂದು ಎಡೆ ಆಗಲೇ ಇತ್ತು. ತುಪ್ಪ ಇನ್ನೂ ಹೆಪ್ಪುಗಟ್ಟಿರಲಿಲ್ಲ.

ಮನೆಯೊಳಗಿನಿಂದ ಶಾರದೆ ಕೂಗಿದಳು: "ಇಟ್ಟ್ರ್ಯಾ?"

"ಇಟ್ಟೆ," ಎಂದೆ. ಅವಳು ಬಂದು ಎರಡನ್ನೂ ನೋಡಿದರೆ, ಇಟ್ಟದ್ದನ್ನು ಮರೆತು ಮತ್ತೆ ತಂದೆನೆನ್ನುತ್ತಾಳೆ, ಆಗ ಕೀಲಿಯ ಗತಿಯೇನು? ಮೆಲ್ಲಗೆ ಹತ್ತಿ ಕೂತು, ಮೊದಲಿನ ಎಡೆಯನ್ನು ಅವಸರದಲ್ಲಿ ತಿಂದು ಮುಗಿಸಿದೆ. ತಪ್ಪೇನಲ್ಲ, ಅದು ಗುರುಪಾದಪ್ಪನ ಹೆಸರಿನದೇ ತಾನೇ.