ಕೋಟಿ ಬಣ್ಣಗಳ ಬಲ್ಬಿಗೆ, ಎಡತೋಳಿನ ವಿಚಾರವಾಗಿ

ನಮ್ಮ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ನೇರ ಮೇಲೆ ವಿರಾಜಮಾನರಾಗಿರುವ ಸ್ಮಾರ್ಟ್ ಬಲ್ಬ್ ಮಹಾಶಯರಿಗೆ, ಕೆಳಗೆ ಕೂತು ಪ್ಯಾಂಟು ಹೊಲಿಯುವವನು ತಲೆಯೆತ್ತಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನನ್ನ ಫೋನು ಗಳಿಗೆಗೊಮ್ಮೆ ಟಿಣ್ ಎಂದು ತಿಳಿಸುತ್ತಲೇ ಇರುವುದರಿಂದ ಆ ಬಗ್ಗೆ ವಿಚಾರಿಸುವುದಿಲ್ಲ. ಇಲ್ಲಿ ನಾವು ಅಷ್ಟೇನೂ ಕ್ಷೇಮವಾಗಿಲ್ಲ. ಇದನ್ನು ತಮಗೊಬ್ಬರಿಗೇ ಗುಟ್ಟಾಗಿ ಬರೆಯಬಹುದಿತ್ತು. ಆದರೆ ಮನೆಗೊಂದು ಒಳ್ಳೆಯ ಬಲ್ಬು ತರೋಣವೆಂದು ಚೀಲ ಹಿಡಿದು ಹೊರಟಿರುವ ನಾಲ್ಕು ಜನ ಓದಿಕೊಳ್ಳಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಮ್ಮನ್ನು ಆರಿಸಿ ತಂದವನು ನಾನೇ. ಹಳೆಯ ಟ್ಯೂಬ್‌ಲೈಟು ಜೀರುಂಡೆಯಂತೆ ಗುಂಯ್‌ಗುಡುತ್ತಿದ್ದುದರಿಂದ, ಕೋಟು ಕತ್ತರಿಸುವ ನಮ್ಮ ಮಾವನವರಿಗೆ ಒಂದು ಒಳ್ಳೆಯ ಬೆಳಕು ಬೇಕಾಗಿತ್ತು. ಅಂಗಡಿಯಾತ ಮೂರು ಬಲ್ಬುಗಳನ್ನು ಮುಂದಿಟ್ಟ. ಮೊದಲನೆಯವರು ಬಲು ನಂಬಿಕಸ್ಥರು, ಆದರೆ ಜೊತೆಗೊಂದು ಪೆಟ್ಟಿಗೆಯನ್ನೂ ಕೊಂಡು ಗೋಡೆಗೆ ಕೂರಿಸದ ಹೊರತು ಯಾರ ಮಾತನ್ನೂ ಕೇಳರು. ಎರಡನೆಯವರು ಬಲು ಅಗ್ಗ, ಆದರೆ ಗ್ಯಾರಂಟಿಯ ಮಾತೆತ್ತಿದ ಕೂಡಲೇ ಅಂಗಡಿಯಾತನಿಗೆ ಕೆಮ್ಮು ಬಂತು. ಮೂರನೆಯವರಾದ ತಾವು ಎರಡು ವರ್ಷದ ಗ್ಯಾರಂಟಿಯನ್ನೂ, ಜೇಬಿಗೆ ಭಾರವಾಗದ ಬೆಲೆಯನ್ನೂ, ಮೇಲಾಗಿ ಒಂದು ಕೋಟಿ ಅರವತ್ತು ಲಕ್ಷ ಬಣ್ಣಗಳನ್ನೂ ಹೊತ್ತು ನಗುನಗುತ್ತಾ ಕೂತಿದ್ದಿರಿ. ನಾನು ಮರುಳಾದೆ. ಇಷ್ಟು ಬಣ್ಣ ಬಲ್ಲವರು ದರ್ಜಿಯ ಅಂಗಡಿಗಲ್ಲದೆ ಇನ್ನೆಲ್ಲಿಗೆ ತಕ್ಕವರು ಎಂದುಕೊಂಡೆ.

ತಾವು ಬಂದ ದಿನವೇ ನಾನೆಲ್ಲಿದ್ದೇನೆ, ನನಗೆ ಯಾರೆಲ್ಲ ಪರಿಚಯ ಎಂದು ತಿಳಿದುಕೊಳ್ಳಲು ಫೋನಿನಲ್ಲಿ ಅನುಮತಿ ಕೇಳಿದಿರಿ. ಸೂರಿನಿಂದ ಒಂದಿಂಚು ಅಲುಗದವರಿಗೆ ಇದೆಲ್ಲ ಯಾಕೆಂದು ನನಗೆ ತೋಚಲಿಲ್ಲವಾದರೂ, ಹೊಸಬರು, ಬೇಸರ ಕಳೆಯಲೆಂದು ಕೇಳುತ್ತಿರಬಹುದು ಎಂದು ಒಪ್ಪಿದೆ. ಇಂಟರ್‌ನೆಟ್ ಹೋದಾಗಲೆಲ್ಲ ತಾವು ಮುನಿಸಿಕೊಂಡು ಯಾರ ಮಾತಿಗೂ ಬಗ್ಗದಿದ್ದುದನ್ನೂ, ಕರೆಂಟು ಹೋಗಿ ಬಂದಾಗ ಯಾರೂ ಕರೆಯದೆ ಝಗ್ಗನೆ ಎದ್ದು ನಿಂತದ್ದನ್ನೂ ನಾವು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ವಿಷಯಕ್ಕೆ ಬರುತ್ತೇನೆ. ಸಂಜೆಯಾಗುತ್ತಲೇ ಮನುಷ್ಯರ ಮನಸ್ಸು ವಿಶ್ರಾಂತಿ ಬಯಸುತ್ತದೆಂಬ ಹಿರಿದಾದ ಕಾಳಜಿಯಿಂದ ತಾವು ತಾವಾಗಿಯೇ ಬಿಳುಪು ಬಿಟ್ಟು ಹಳದಿಗೆ, ಹಳದಿಯಿಂದ ಮಂದ ಹಳದಿಗೆ ಇಳಿಯುತ್ತೀರಿ. ಮೊನ್ನೆ ಹಾಗೆ ಇಳಿದಾಗ ಮೇಜಿನ ಮೇಲೆ ಎರಡು ಕೋಟುಗಳ ತುಂಡುಗಳಿದ್ದವು: ಗಾಯನ ತಂಡ ನಡೆಸುವ ಸಂಗೀತದ ಮೇಷ್ಟರದ್ದು ಕಡುನೀಲಿ, ವಕೀಲರೊಬ್ಬರದ್ದು ಕಪ್ಪು. ಮಾವನವರು ಅಂದೇ ಜೋಡಿಸಿ ಮುಗಿಸಿದ ಕೋಟನ್ನು ಮೇಷ್ಟರು ತಾವು ಚೆಲ್ಲಿದ ಆ ಹಳದಿ ಬೆಳಕಿನಲ್ಲೇ ತೊಟ್ಟು, ಕನ್ನಡಿಯ ಮುಂದೆ ಎರಡು ಸುತ್ತು ತಿರುಗಿ, ಸಂತೋಷದಿಂದ ಮನೆಗೆ ಒಯ್ದರು. ಮರುದಿನ ಬೆಳಿಗ್ಗೆ ಅದನ್ನೇ ತೊಟ್ಟು ನಮ್ಮ ಬೀದಿಯಲ್ಲಿ ಬರುತ್ತಿದ್ದಾಗ, ಪಕ್ಕದ ಅಂಗಡಿಯಲ್ಲಿ ಇಸ್ತ್ರಿ ಮಾಡುವಾಕೆ ಪೆಟ್ಟಿಗೆಯನ್ನು ನಿಲ್ಲಿಸಿ, “ಮೇಷ್ಟ್ರೇ, ಒಂದ್ ಕೈ ಯಾರ್ ಹತ್ರ ಎರವಲು ತಂದ್ರಿ?” ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸಿದಳು. ಎಡತೋಳು ವಕೀಲರದ್ದಾಗಿತ್ತು.

ಮೇಷ್ಟರು ಸಜ್ಜನರು, ನಕ್ಕರು. ಮಾವನವರು ನಗಲಿಲ್ಲ. ಕೋಟನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಟೇಪನ್ನು ಕುತ್ತಿಗೆಯಿಂದ ತೆಗೆದು ಸುತ್ತಿಟ್ಟು, ಕತ್ತರಿಯನ್ನು ಬಟ್ಟೆಯಲ್ಲಿ ಮಡಿಸಿ ನನ್ನ ಹೆಂಡತಿಯ ಕೈಗೆ ಕೊಟ್ಟು, “ಕಣ್ಣು ಹೋಯ್ತು ಕಣಮ್ಮ. ಇನ್ಮೇಲೆ ಗುಂಡಿ ಹಾಕ್ಕೊಂಡು ಕೂತಿರ್ತೀನಿ, ಕೋಟು ನಿನ್ ಗಂಡ ಹೊಲೀಲಿ” ಎಂದರು. ನಾನು ಹೊಲಿದ ಕೋಟನ್ನು ತಾವು ನೋಡಿಲ್ಲ. ನೋಡಿದ್ದರೆ ಈ ಮಾತಿನ ಗಾಂಭೀರ್ಯ ತಮಗೂ ತಿಳಿಯುತ್ತಿತ್ತು. ಅದು ಹಾಗಿರಲಿ, ಬಟ್ಟೆ ಮುಟ್ಟದ ಮಾವನವರನ್ನು ನಾವು ಯಾರೂ ಕಂಡವರಲ್ಲ. ಅವರು ಮೂಲೆಯ ಸ್ಟೂಲಿನ ಮೇಲೆ ಕೂತು ಸುಮ್ಮನೆ ಬೀದಿ ನೋಡತೊಡಗಿದರು. ಊಟಕ್ಕೆ ಕರೆದರೆ ಬಂದರು, ಬಡಿಸಿದ್ದನ್ನು ತಿಂದರು, ಮತ್ತೆ ಹೋಗಿ ಕೂತರು.

ತಪ್ಪು ಬೆಳಕಿನದು ಎಂದು ನಾನು ಹೇಳಿದೆ. ಬಲ್ಬು ಬಣ್ಣಗಳನ್ನು ಇದ್ದದ್ದು ಇದ್ದ ಹಾಗೆ ಎಷ್ಟು ತೋರಿಸುತ್ತದೆಂಬುದಕ್ಕೆ ನೂರರವರೆಗೆ ಅಂಕ ಕೊಡುವ ಪದ್ಧತಿಯಿದೆ, ಒಳ್ಳೆಯವರು ತೊಂಬತ್ತು ದಾಟಿರುತ್ತಾರೆ, ತಮ್ಮ ಡಬ್ಬಿಯ ಮೇಲೆ ಆ ಅಂಕವನ್ನೇ ಅಚ್ಚು ಮಾಡಿಲ್ಲ ಎಂದು ಡಬ್ಬಿ ಹಿಡಿದು ತೋರಿಸಿದೆ. ಅವರು, “ಬಾಯಿಲ್ಲದ ಬಲ್ಬಿನ ಮೇಲೆ ಯಾಕಪ್ಪಾ ಹೊರಿಸ್ತೀಯ?” ಎಂದು ನನ್ನನ್ನೇ ಸಮಾಧಾನ ಮಾಡಿದರು.

ಆದ್ದರಿಂದ ಮಾನ್ಯರೇ, ಫೋನಿನ ಮೂಲಕ ತಮಗೆ ಬಾಯಿಯೂ ಇರುವುದನ್ನು ಬಲ್ಲ ನಾನು ಕೆಲವು ವಿನಂತಿಗಳನ್ನು ಸಿದ್ಧಪಡಿಸಿದ್ದೆ. ತಾವು ಮಾವನವರ ಮುಂದೆ ಸ್ಪಷ್ಟವಾದ ದನಿಯಲ್ಲಿ ತಪ್ಪೊಪ್ಪಿಕೊಳ್ಳಬೇಕು. ಅದು ಘನತೆಗೆ ಕುಂದೆನಿಸಿದರೆ, ಮುಂದಿನ ಭಾನುವಾರ ಮೇಷ್ಟರ ಗಾಯನ ಕಾರ್ಯಕ್ರಮಕ್ಕೆ ಖುದ್ದಾಗಿ ಬಂದು ಸಭಾಂಗಣಕ್ಕೆಲ್ಲ ತಾವೊಬ್ಬರೇ ಬೆಳಕು ಕೊಡಬೇಕು. ಲೋಕದಲ್ಲಿ ಆ ಕೋಟು ಒಂದೇ ಬಣ್ಣದ್ದಾಗಿರುವುದು ತಮ್ಮ ಕೆಳಗೆ ಮಾತ್ರ. ಅದೂ ಆಗದಿದ್ದರೆ ಸೂರ್ಯನನ್ನಾದರೂ ತಮ್ಮ ಆ್ಯಪಿಗೆ ಸೇರಿಸಿಕೊಂಡು ತಮ್ಮ ಹಾಗೆಯೇ ಬೆಳಗಲು ಕಲಿಸಬೇಕು.

ಇಷ್ಟು ಬರೆದಿಟ್ಟಿದ್ದಾಗಲೇ ನನ್ನ ಹೆಂಡತಿ ಬೇರೊಂದು ಕೆಲಸ ಮಾಡಿದಳು. ಮೇಷ್ಟರನ್ನೂ ಇಸ್ತ್ರಿಯವಳನ್ನೂ ಕರೆಸಿ, ಬಾಗಿಲು ಕಿಟಕಿಗಳನ್ನು ಮುಚ್ಚಿ, ಫೋನಿನಿಂದ ಮಧ್ಯಾಹ್ನದಲ್ಲೇ ತಮಗೆ ಸಂಜೆಯಾಗಿಸಿ, ಮೇಜಿನ ಮೇಲೆ ಚಿಂದಿ ತುಂಡುಗಳನ್ನು ಹರಡಿ, “ನೀಲಿ ಯಾವ್ದು, ಕಪ್ಪು ಯಾವ್ದು, ಆರಿಸಿ ನೋಡೋಣ” ಎಂದಳು. ಮೇಷ್ಟರು ಅಷ್ಟನ್ನೂ ನೀಲಿ ಎಂದರು. ನಾನು ಅಷ್ಟನ್ನೂ ಕಪ್ಪು ಎಂದೆ. ಬೀದಿಯಲ್ಲಿ ಅಷ್ಟು ದೂರದಿಂದ ತೋಳಿನ ತಪ್ಪು ಹಿಡಿದವಳು ಇಲ್ಲಿ ಮೂಗಿಗೆ ತಾಗಿಸಿ ನೋಡಿಯೂ, “ಇದೇನಕ್ಕಾ, ಎಲ್ಲಾ ಒಂದೇ ಬಟ್ಟೇಲಿ ಹರಿದಂಗಿದೆ” ಎಂದಳು. ನಮ್ಮ ಜಗಳ ಜೋರಾಯಿತು.

ಮೂಲೆಯ ಸ್ಟೂಲು ಕಿರ್ರೆಂದಿತು. ಮಾವನವರು ಬಂದು, ಮೇಜಿನ ಮೇಲೆ ಬಾಗಿ, ಒಂದೆರಡು ತುಂಡು ಎತ್ತಿ ನೋಡಿ, ಅಷ್ಟನ್ನೂ ಬಾಚಿಕೊಂಡು ಹೋಗಿ ಕಿಟಕಿ ತೆರೆದರು. ನೀಲಿಯನ್ನು ಎಡಕ್ಕೆ, ಕಪ್ಪನ್ನು ಬಲಕ್ಕೆ, ಇಸ್ಪೀಟೆಲೆ ಹಂಚಿದಷ್ಟು ಸರಾಗವಾಗಿ ಹಾಕಿ ಮುಗಿಸಿದರು. ಒಂದೂ ತಪ್ಪಲಿಲ್ಲ. ಆಮೇಲೆ ತಮ್ಮನ್ನೊಮ್ಮೆ ತಲೆಯೆತ್ತಿ ನೋಡಿ, “ಅಳಿಯದೇವ್ರೇ, ಕಣ್ಣು ಹೋಗಿರೋದು ನಿಮ್ ಬಲ್ಬಿಗೆ. ಎಲ್ಲಿಟ್ಯಮ್ಮಾ ನನ್ ಕತ್ತರಿ? ಇವ್ರು ಪ್ಯಾಂಟು ನೋಡ್ಕೊಳ್ಳಲಿ” ಎಂದರು.

ಮೇಷ್ಟರ ಕೋಟಿನ ಎಡತೋಳು ಈಗ ಬಿಚ್ಚಿಯಾಗಿದೆ. ಮಾವನವರು ಕಿಟಕಿಯ ಪಕ್ಕ ಅಸಲಿ ನೀಲಿ ತೋಳು ಕೂರಿಸುತ್ತಾ, ದಾರ ತಡವಾಯಿತೆಂದು ನನ್ನನ್ನು ಬೈಯುತ್ತಿದ್ದಾರೆ. ಬೈಗುಳ ಇಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ತಮ್ಮನ್ನು ನಾಳೆಯಿಂದ ಬಚ್ಚಲುಮನೆಗೆ ವರ್ಗ ಮಾಡಲಾಗಿದೆ. ಅಲ್ಲಿ ಬಣ್ಣ ಗುರುತಿಸುವ ಕೆಲಸ ಕಡಿಮೆ, ವಿಶ್ರಾಂತಿ ಹೆಚ್ಚು.

ತಮ್ಮ ಬೆಳಕನ್ನು ಬಿಟ್ಟು ಉಳಿದೆಲ್ಲದರಲ್ಲೂ ತಮ್ಮ ವಿಶ್ವಾಸಿ,
ಕೋಟಿನ ದರ್ಜಿಯ ಅಳಿಯ

ಮರೆತ ಮಾತು: ತಮಗೆ ಎಷ್ಟು ನಕ್ಷತ್ರ ಕೊಡುತ್ತೇನೆಂದು ತಮ್ಮ ಕಂಪನಿ ಫೋನಿನಲ್ಲಿ ಕೇಳುತ್ತಿದೆ. ಒಂದು ಕೊಟ್ಟಿದ್ದೇನೆ. ಸಂಜೆಯ ಮೇಲೆ ತಮ್ಮ ಬೆಳಕಿನಲ್ಲೇ ಹಿಡಿದು ನೋಡಿಕೊಳ್ಳಿ, ಐದರಂತೆ ಕಂಡರೂ ಕಾಣಬಹುದು.